ಸಿಪ್ಪೆಯ ಲೆಕ್ಕ

ಮಿಲ್ಲಿಗೆ ಹೊಸ ಗಾಣದ ಯಂತ್ರ ಕೂಡಿಸಲು
ಸ್ಪೇನಿನಿಂದ ಬಂದವನ ಹೆಸರು ಅನ್ಸೆಲ್ಮೊ.
ಎರಡನೇ ದಿನ ಹಮಾಲರ ಬಾಯಲ್ಲಿ ಅನ್ಸೆಲಪ್ಪ ಆದ,
ಮೂರನೇ ದಿನ ಬರೀ ಅಪ್ಪ.

ನಾನಲ್ಲಿ ತೂಕದ ಗುಮಾಸ್ತ.
ಕುರುಗೋಡು, ಸಿರುಗುಪ್ಪದ ಕಡೆಯ ಸೂರ್ಯಪಾನದ ಚೀಲ
ಕಾಟಾದ ಮೇಲೆ ಏರಿಸಿ, ಇಳಿಸಿ,
ಹಸಿ ಎಷ್ಟು, ಕಸ ಎಷ್ಟು ಬರೆದುಕೊಳ್ಳುವವನು.
ಇಪ್ಪತ್ತೆರಡು ವರ್ಷ. ಒಂದು ಕಾಳೂ ಬಾಯಿಗೆ ಹಾಕಿದವನಲ್ಲ.
ಎಣ್ಣೆಕಾಳು ಎಣ್ಣೆಗೆ. ತಿನ್ನಲಿಕ್ಕೆ ಶೇಂಗಾ ಇದೆಯಲ್ಲ.

ಭಾನುವಾರ ಮಿಲ್ಲು ಬಂದ್.
ಲಾಡ್ಜಿನ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.
ಬಾ ಅಂದೆ. ಕೌಲ್‌ಬಜಾರಿನವರಿಗೂ
ಗುಂತಕಲ್ಲಿನ ರೈಲ್ವೆಯವರಿಗೂ ಫೈನಲ್ಲು.
ಫುಟ್ಬಾಲ್ ಅನ್ನುವ ಒಂದೇ ಮಾತಿಗೆ ಎದ್ದು ನಿಂತ.
ಅದಕ್ಕೆ ಫೋನು ಬೇಕಾಗಲಿಲ್ಲ.

ಕುರ್ಚಿ ಇಲ್ಲದ ಮೈದಾನ. ಸುಣ್ಣದ ಗೆರೆ,
ಗೆರೆಗೆ ಹತ್ತಿಕೊಂಡು ಜನ. ಹಿಂದೆ
ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ
ಸಂಜೆ ನಮ್ಮ ಬೆನ್ನಿಗೇ ಉಗುಳುವ ಕಲ್ಲುಗುಡ್ಡ.
ಎಡಕ್ಕೆ ಆರೋಗ್ಯಸ್ವಾಮಿ, ತೊಡೆಯ ನಡುವೆ ಬ್ಯಾಂಡಿನ ಡ್ರಮ್ಮು;
ಬಲಕ್ಕೆ ಮಿರ್ಚಿ ಬಂಡಿಯ ಹುಸೇನಮ್ಮ,
ಝಾರಿ ಕೈಯಲ್ಲೇ ಇದೆ, ಕಣ್ಣು ಬಾಣಲೆಯ ಮೇಲಿಲ್ಲ.
ಗೋಲ್‌ಕೀಪರ್ ಜಿಲಾನಿ ಅವಳ ಮಗ,
ವಾರವೆಲ್ಲ ಜೀನ್ಸ್ ಹೊಲಿದು
ಗ್ಲೌಸಿನೊಳಗೂ ನೀಲಿ ಬೆರಳಿನವನು.
ಬೈಗುಳ ಉರ್ದುವಿನಲ್ಲಿ, ಸಲಹೆ ತೆಲುಗಿನಲ್ಲಿ,
ದೇವರನ್ನು ಕರೆಯುವುದು ತಮಿಳಿನಲ್ಲಿ,
ಲೈನ್‌ಮನ್ನನ ಜೊತೆ ಜಗಳಕ್ಕೆ ಮಾತ್ರ ಕನ್ನಡ.

ಅರ್ಧ ಗಂಟೆಯಾದರೂ ಗೋಲಿಲ್ಲ.
ಅವನು ಜೇಬಿಗೆ ಕೈಹಾಕಿದ. ತೆಗೆದದ್ದು
ನನ್ನ ಟೇಬಲ್ಲಿನ ಸ್ಯಾಂಪಲ್ ಕಾಳು!
ಲಾಡ್ಜಿನ ಅಡುಗೆಯವನ ಹತ್ತಿರ ಉಪ್ಪು ಹಾಕಿ ಹುರಿಸಿದ್ದನಂತೆ.
ಒಂದನ್ನು ಹಲ್ಲಿಗೆ ನಿಲ್ಲಿಸಿ, ಟಿಕ್,
ಸಿಪ್ಪೆ ಹೊರಗೆ, ತಿರುಳು ಒಳಗೆ, ಕಣ್ಣು ಚೆಂಡಿನ ಮೇಲೆ.
"ಯಪ್ಪಾ, ಎಣ್ಣೆಕಾಳು ತಿಂತಾನಲ್ಲೋ ಗಿಣಿ ಹಂಗೆ!"
ಹುಸೇನಮ್ಮ ಝಾರಿ ಎತ್ತಿ ನಕ್ಕಳು.

ಅವನು ಫೋನಿಗೆ ಏನೋ ಹೇಳಿದ. ಫೋನು
ಶಾಲೆ ಮೇಷ್ಟ್ರ ಕನ್ನಡದಲ್ಲಿ ಒದರಿತು:
"ನನ್ನ ತಂದೆಯವರು ಕಠಿಣ ಪಂದ್ಯಗಳಿಗೆ ಎರಡು ಪೊಟ್ಟಣಗಳನ್ನು ತರುತ್ತಿದ್ದರು.
ಮುಗಿದ ನಂತರ ಕಾಲ ಕೆಳಗಿನ ಸಿಪ್ಪೆಯನ್ನು ನೋಡಿದರೆ
ಯಾರು ಎಷ್ಟು ಹೆದರಿದ್ದರೆಂದು ತಿಳಿಯುತ್ತಿತ್ತು."
ಈಗ ಯಾರೂ ನಗಲಿಲ್ಲ. ಆರೋಗ್ಯಸ್ವಾಮಿ ಕೈ ಚಾಚಿದ.

ಆಮೇಲೆ ನಮ್ಮ ಸಾಲೆಲ್ಲ ಕಲಿಕೆ.
ನಾನು ತಿರುಳು ಉಗುಳಿ ಸಿಪ್ಪೆ ನುಂಗಿದೆ.
ಎರ್ರಿಸ್ವಾಮಿ ಹೊಡೆದದ್ದು ಕಂಬಕ್ಕೆ ಬಡಿದು ವಾಪಸು ಬಂತು, ಟಿಕ್ ಟಿಕ್.
ರೈಲ್ವೆಯವರ ಕಾರ್ನರು, ಟಿಕ್ ಟಿಕ್ ಟಿಕ್.
ಡ್ರಮ್ಮು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

ಐದು ನಿಮಿಷ ಇರುವಾಗ ಪೆನಾಲ್ಟಿ, ನಮ್ಮ ಮೇಲೆ.
ಜಿಲಾನಿ ಸರಿಯಾದ ಕಡೆಗೇ ಹಾರಿದ.
ಚೆಂಡು ಬೆರಳು ಸವರಿತು,
ಸವರಿ, ಒಳಗೆ ಹೋಯಿತು.

ಅನ್ಸೆಲ್ಮೊ ಎದ್ದು ರೆಫರಿಗೆ ಏನೋ ಅಂದ,
ಉದ್ದಕ್ಕೆ, ಉಸಿರು ತೆಗೆದುಕೊಳ್ಳದೆ.
ಫೋನು ಜೇಬಿನಲ್ಲಿತ್ತು.
"ಸರಿಯಾಗಿ ಅಂದಿ ನೋಡಪ್ಪ" ಅಂದಳು ಹುಸೇನಮ್ಮ.

ಜನ ಕರಗಿದ ಮೇಲೆ ನೆಲ ನೋಡಿದೆ.
ಆರೋಗ್ಯಸ್ವಾಮಿಯ ಕಾಲ ಕೆಳಗೆ ಒಂದು ಹಿಡಿ.
ನನ್ನ ಕಾಲ ಕೆಳಗೆ, ಹೇಳಬಾರದು, ರಾಶಿ.
ಹುಸೇನಮ್ಮನ ಕಾಲ ಕೆಳಗೆ ಒಂದೂ ಇಲ್ಲ.
ಎಡಗೈ ಮುಷ್ಟಿ ಬಿಚ್ಚಿದಳು:
ಕೊಟ್ಟ ಕಾಳು ಕೊಟ್ಟ ಹಾಗೇ,
ಉಪ್ಪು ಮಾತ್ರ ಬೆವರಿಗೆ ಕರಗಿ.
ಅದನ್ನೇ ಮಗನ ಅಂಗೈಗೆ ಸುರಿದು
ಒಲೆ ಆರಿಸಲು ತಿರುಗಿದಳು.
ಅನ್ಸೆಲ್ಮೊ ನನ್ನ ಮುಖ ನೋಡಿದ. ಅವನಪ್ಪನ ಲೆಕ್ಕದಲ್ಲಿ
ಇದಕ್ಕೆ ಕಾಲಂ ಇರಲಿಲ್ಲ.

ಯಂತ್ರ ಕೂತಿತು. ಅವನು ಹೋದ.
ಈಗ ದಿನಾ ತೂಕದ ಪುಸ್ತಕದಲ್ಲಿ
ಹಸಿ ಇಷ್ಟು, ಕಸ ಇಷ್ಟು ಬರೆದ ಮೇಲೂ
ಒಂದು ಹಿಡಿ ಕಮ್ಮಿ ಬರುತ್ತದೆ.
ಸಾಹುಕಾರರು ಇಲಿ ಅಂದುಕೊಂಡಿದ್ದಾರೆ.