ವಿರಾಮ ಕೋನ

ಪೀಣ್ಯ ಎರಡನೇ ಹಂತ,
ಪೌಡರ್ ಕೋಟಿಂಗ್ ಶೆಡ್ಡಿನ ಮೇಲಿನ ಕೋಣೆ.
ಕಿಟಕಿಯ ಹಲಗೆ ಮೇಲೆ ನನ್ನ ಜಾಡಿಗಳು.
ಉಪ್ಪಿನಕಾಯಿಯವಲ್ಲ,
ಗಿರಾಕಿಗಳು ಕೊರಿಯರಿನಲ್ಲಿ ಕಳಿಸಿದ ಮಣ್ಣು:
ಸಂಡೂರಿನ ಅದಿರು ಪುಡಿ, ಕುಂಕುಮಕ್ಕಿಂತ ಒಂದು ಪಾಲು ಕಪ್ಪು.
ಹಡಗಿನಲ್ಲಿ ಬಂದ ಪೊಟ್ಯಾಷ್, ನಸುಗೆಂಪು, ಸಕ್ಕರೆಯ ಅಕ್ಕನ ಹಾಗೆ.
ಗಂಧಕ. ರಾಕ್ ಫಾಸ್ಫೇಟ್.
ಸಬ್ಬಕ್ಕಿಯ ವೇಷದ ಯೂರಿಯಾ,
ಮುಚ್ಚಳ ಮರೆತರೆ ನಮ್ಮೂರ ಗಾಳಿಗೇ ಗಂಟಾಗುತ್ತದೆ.

ಹನ್ನೊಂದು ವರ್ಷದಿಂದ ನನ್ನ ಕೆಲಸ ಸುರಿಯುವುದು.
ಹಳೆಯ ಪೇಪರು ಹಾಸಿ, ಆಲಿಕೆ ಹಿಡಿದು,
ಒಂದು ಗೇಣೆತ್ತರದಿಂದ, ಮೆಲ್ಲಗೆ.
ಬಿದ್ದದ್ದು ಬಿದ್ದಲ್ಲೇ ನಿಲ್ಲುವುದಿಲ್ಲ;
ಜಾರುತ್ತದೆ, ಯೋಚಿಸುತ್ತದೆ, ಇನ್ನೊಂದಿಷ್ಟು ಜಾರುತ್ತದೆ,
ಆಮೇಲೆ ಸಾಕು ಎನ್ನುತ್ತದೆ.
ಆ ಸಾಕು ಎಷ್ಟು ಡಿಗ್ರಿ ಅಂತ ಅಳೆದು ಬರೆಯಬೇಕು.

ಪುಸ್ತಕದಲ್ಲಿ ಅದಕ್ಕೆ ವಿರಾಮ ಕೋನವೆಂದು ಹೆಸರು.
ಫಿಟ್ಟರ್ ಪುಟ್ಟಮಾದಯ್ಯ ಹೇಳೋದು: ಕೂರೋ ಓರೆ.
“ಏನಮ್ಮ, ಇವತ್ತು ಈವಯ್ಯ ಎಷ್ಟು ಓರೆಗೆ ಕೂತ?”
ಯೂರಿಯಾ ಇಪ್ಪತ್ತೆಂಟು, ಸಾಧು.
ಅದಿರು ಮೂವತ್ತೆಂಟು; ತೇವ ತಗುಲಿತೋ
ಗೋಡೆಯಾಗಿ ನಿಂತುಬಿಡುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ.

ಈ ಒಂದು ಅಂಕಿಯ ಮೇಲೆ ಕೆಳಗೆ ತಗಡು ಕತ್ತರಿಸುತ್ತಾರೆ.
ಒಮ್ಮೆ ನಾನು ಎರಡು ಡಿಗ್ರಿ ತಪ್ಪಿದೆ.
ಬಂದರಿನಲ್ಲಿ, ಆಷಾಢದ ಗಾಳಿಗೆ,
ಗೊಬ್ಬರ ಹಾಪರಿನ ಬಾಯಿಗೆ ತಾನೇ ಕಮಾನು ಕಟ್ಟಿಕೊಂಡು
ಅರವತ್ತು ಟನ್ ತಾನೇ ಹೊತ್ತು ನಿಂತಿತು.
ಕೆಳಗೆ ಬೆಲ್ಟು ಬರಿದೇ ಓಡುತ್ತಿತ್ತು.
ಪುಟ್ಟಮಾದಯ್ಯ ರಾತ್ರಿ ಬಸ್ಸು ಹಿಡಿದು ಹೋಗಿ
ತಗಡಿಗೆ ಕಿವಿಯಿಟ್ಟು, ತಟ್ಟಿ ತಟ್ಟಿ ಕೇಳಿ,
ಒಂದೇ ಏಟಿಗೆ ಇಳಿಸಿದನಂತೆ.
ಬಂದವನು ಬೈಯಲಿಲ್ಲ.
“ಕಲ್ಲಿಲ್ಲ, ಗಾರೆಯಿಲ್ಲ, ಎಂಥಾ ಕಮಾನಮ್ಮ ಅದು!
ಒಡೆಯೋಕೇ ಮನಸಾಗಲಿಲ್ಲ” ಅಂದ.

ಈಗ ನಿಖತ್ ಬಂದಿದ್ದಾಳೆ.
ಅವಳ ತೆರೆಯ ಮೇಲೆ ನಾಲ್ಕು ಲಕ್ಷ ಗೋಲಿಗಳು
ಇಡೀ ರಾತ್ರಿ ಸುರಿಯುತ್ತವೆ, ಯಾರ ಸೆರಗಿಗೂ ಕಲೆ ಹತ್ತಿಸದೆ.
ಪುಟ್ಟಮಾದಯ್ಯ ಬೆರಳ ಗೆಣ್ಣಿನಿಂದ ಆ ತೆರೆಯನ್ನೂ ತಟ್ಟಿ ನೋಡಿದ,
ಏನೂ ಹೇಳದೆ ಟೀ ಕುಡಿಯಲು ಹೋದ.

ಮಾದಾವರದ ಮೇಳಕ್ಕೆ ನಾವಿಬ್ಬರೂ ಹೋಗಿಬಂದೆವು.
ತನ್ನ ಸವಕಳಿ ತಾನೇ ಫೋನು ಮಾಡಿ ಹೇಳುವ ರೋಲರು,
ಅದಿರು ಹೊತ್ತು ಗುಡ್ಡ ಇಳಿಯುತ್ತಲೇ ಕರೆಂಟು ಹುಟ್ಟಿಸುವ ಬೆಲ್ಟು,
ಕೊನೆಯ ಮಳಿಗೆಯಲ್ಲಿ, ಬಾಟಲಿಯಲ್ಲಿ ಗೊಬ್ಬರ.
ಅಲ್ಲಾಡಿಸಿ ನೋಡಿದೆ. ಮತ್ತೆ ಮಟ್ಟಸ.
ದ್ರವಕ್ಕೆ ರಾಶಿಯಿಲ್ಲ, ಓರೆಯಿಲ್ಲ,
ಸಾಕು ಎನ್ನಲು ಅದಕ್ಕೆ ಬರುವುದೇ ಇಲ್ಲ.
ಯಾಕೋ ಕೈ ಒರೆಸಿಕೊಂಡೆ.

ಸೋಮವಾರ ನಿಖತ್ ಕರೆದಳು:
“ಅಕ್ಕಾ, ನನ್ನ ರಾಶಿ ಚಪ್ಪಟೆಯಾಗ್ತಿದೆ,
ನಿಮ್ಮದೊಂದು ಸುರೀತೀರಾ?”
ಸುರಿದೆ. ಫೋಟೋ ತೆಗೆದು ಪಕ್ಕಕ್ಕಿಟ್ಟುಕೊಂಡು
ಗೋಲಿಗಳಿಗೆ ಅಷ್ಟಷ್ಟೇ ಒರಟುತನ ಕಲಿಸಿದಳು.
ಏಳನೇ ಸಲಕ್ಕೆ ಎರಡೂ ರಾಶಿ ಒಂದೇ ಆದವು.
ನಾನು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದೆ.

ಇವತ್ತು ಎಲ್ಲರೂ ಮೆಟ್ರೋಗೆ ಓಡಿದ ಮೇಲೆ
ಕೋಣೆ ಗುಡಿಸಿದೆ. ಪೊರಕೆಯ ತುದಿಗೆ ಬಂದದ್ದು
ಕೆಂಪು, ಬಿಳಿ, ಹಳದಿ, ಕಬ್ಬಿಣದ ಅರಪುಡಿ,
ಬಳೆಯದೊಂದು ಚೂರು, ಹೊರಗಿನ ರಸ್ತೆಯ ದೂಳು.
ಬಿಸಾಡಲು ಹೋದವಳು ನಿಂತು
ಆಲಿಕೆಗೆ ಹಾಕಿದೆ.
ಜಾರಿತು. ಯೋಚಿಸಿತು.
ಮೂವತ್ತನಾಲ್ಕೂವರೆ.
ರಿಜಿಸ್ಟರಿನಲ್ಲಿ ತಾರೀಖು ಹಾಕಿ ಬರೆದೆ.
ಗಿರಾಕಿಯ ಹೆಸರು ಎಂಬಲ್ಲಿ ಪೆನ್ನು ತುಸು ಹೊತ್ತು ಊರಿ
ಖಾಲಿ ಬಿಟ್ಟೆ.