ಹುಲ್ಲುಕಡ್ಡಿ

ಬೆಳಗಿನಿಂದ ಬಡಗಣ ಗಾಳಿ.
ಮೆಲ್ಬರ್ನಿನ ಪಡುವಣ ಬಯಲಲ್ಲಿ
ಸೊಂಟದೆತ್ತರ ನಿಂತ ರೈ ಹುಲ್ಲು
ತೆನೆ ಕೊಡವಿ ಕೊಡವಿ ಹಗುರಾಗುತ್ತಿತ್ತು.
ಕಣ್ಣಿಗೆ ಕಾಣದ ಹುಡಿ,
ಮೂಗಿಗೆ ಮಾತ್ರ ಪರಿಚಯ.
ನವೆಂಬರ್ ಅಲ್ಲಿ ವಸಂತದ ಬಾಲ,
ಬಾಲಕ್ಕೇ ಬೆಂಕಿ ಬಿದ್ದಂಥ ಸೆಕೆ.

ಸೇಂಟ್ ಆಲ್ಬನ್ಸ್ ಸ್ಟೇಷನ್ನಿನ ಎದುರು ತುಯೆತ್‌ಳ ಔಷಧದಂಗಡಿ.
ಜ್ಲಾಟ್ಕೊ ಹನ್ನೊಂದಕ್ಕೆ ಬಂದಿದ್ದ,
ಸೀನುತ್ತ, ಅಂಗಿಯ ತೋಳಲ್ಲೇ ಕಣ್ಣೊರೆಸುತ್ತ.
ಮೂವತ್ತು ವರ್ಷ ಆಲ್ಟೋನದಲ್ಲಿ ಕಬ್ಬಿಣ ಬೆಸೆದವನು.
'ಉಬ್ಬಸ ಇದೆಯಾ?' ಎಂದಳು.
'ಹೊಗೆ ತಿಂದು ಬೆಳೆದವನಮ್ಮಾ ನಾನು,
ಹುಲ್ಲಿಗೆ ಹೆದರಲಾ?'
ಒಂದು ಹಾಳೆ ಮಾತ್ರೆ ಕೊಂಡು,
ಚಿಲ್ಲರೆ ಮರೆತು ಹೋದ. ಎರಡು ಡಾಲರ್ ನಲವತ್ತು.

ಐದೂ ಮುಕ್ಕಾಲಿಗೆ ಆಕಾಶ ಅಂಚಿನಿಂದ ಮಡಚಿಕೊಂಡಿತು.
ಮೋಡ ಮೊದಲು ಉಸಿರೆಳೆದುಕೊಂಡಿತು,
ಬಯಲಿನ ಅಷ್ಟೂ ಹುಡಿಯನ್ನು ಮೇಲಕ್ಕೆ, ತನ್ನ ತೇವದ ಹೊಟ್ಟೆಗೆ.
ಅಲ್ಲಿ ಒಂದೊಂದು ಕಾಳೂ ನೆನೆದು ಉಬ್ಬಿ
ಅರಳಿನಂತೆ ಸಿಡಿದು
ನೂರಾರು ಚೂರು.
ಇಡಿಯಾಗಿದ್ದಾಗ ಮೂಗಿನ ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದದ್ದು
ಈಗ ಕಾವಲಿನವನ ಕಾಲ ಸಂದಿಯಲ್ಲೇ ನುಸುಳಬಲ್ಲದು,
ಎದೆಯ ಕಟ್ಟಕಡೆಯ ಓಣಿಯವರೆಗೆ.

ಆಮೇಲೆ ಮೋಡ ಉಸಿರು ಬಿಟ್ಟಿತು.

ತಂಪು!
ಇದನ್ನು ಹೇಳದೆ ಇರಲಾರೆ:
ಜನ ಕಿಟಕಿ ತೆರೆದರು.
ದಿನವಿಡೀ ಬೆಂದವರು ಜಗುಲಿಗೆ ಬಂದು,
ಮಕ್ಕಳನ್ನು ಎತ್ತಿಕೊಂಡು,
ಮುಖ ಒಡ್ಡಿ, ಬಾಯಿ ತೆರೆದು,
ಎದೆ ತುಂಬ
ಕುಡಿದರು.

ಮಳೆ ನಾಲ್ಕು ಹನಿ. ಅದೂ ಎಣಿಸಿ ಕೊಟ್ಟಂತೆ.

ಆರೂ ಕಾಲಿಗೆ ಮೊದಲ ಸಿಳ್ಳೆ ಅಂಗಡಿಯೊಳಗೆ ಬಂತು,
ಶಾಲೆಯ ಸಮವಸ್ತ್ರ ತೊಟ್ಟು.
ಹಿಂದೆಯೇ ಕಾರ್ಮೆನಾ ಅಜ್ಜಿ, ಬಸ್ಸಿನ ಚಾಲಕ,
ಹೆಸರು ಹೇಳಲಾಗದೆ ಕೈಸನ್ನೆ ಮಾಡುವ ಹುಡುಗ,
ಎಲ್ಲರ ಎದೆಯೊಳಗೂ ಒಬ್ಬೊಬ್ಬ ತುಂಟ ಕೂತು
ಬೇರೆ ಬೇರೆ ಶ್ರುತಿಯಲ್ಲಿ ಊದುವಂತೆ.
ನೀಲಿ ಪಂಪು ಕಪಾಟಿನಲ್ಲಿ ಇಪ್ಪತ್ತಾರು.
ಊದುಕೊಳವೆ ಮುಗಿದಾಗ
ಕಾಫಿ ಲೋಟದ ಬುಡಕ್ಕೆ ಕತ್ತರಿ ಚುಚ್ಚಿದಳು ತುಯೆತ್.
'ಒಂದು ಒತ್ತು, ನಾಲ್ಕು ಉಸಿರು.
ಇನ್ನೊಂದು ಒತ್ತು, ನಾಲ್ಕು ಉಸಿರು.
ಮಲಗಬೇಡಿ. ಕೂರಿ. ನೆಟ್ಟಗೆ ಕೂರಿ.'
ಫೋನು ಕಿವಿಗೂ ಭುಜಕ್ಕೂ ನಡುವೆ:
ಆಂಬುಲೆನ್ಸ್ ಹೊರಟಿದೆ, ಎಲ್ಲ ಕಡೆಗೂ ಹೊರಟಿದೆ, ಕಾಯಿರಿ.

ಆಗ ಜ್ಲಾಟ್ಕೊ.
ಒಂದೇ ಕಾಲಲ್ಲಿ ಚಪ್ಪಲಿ.
ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು
ಹೆಗಲಿನಿಂದ ಗಾಳಿ ಎತ್ತುತ್ತಿದ್ದ,
ಆಳದ ಬಾವಿಯಿಂದ ಒಡಕು ಕೊಡದಲ್ಲಿ ನೀರು ಸೇದುವಂತೆ.
ಪದಕ್ಕೊಂದು ಉಸಿರು ಬೇಕು.
'ಬರೀ'
'ಕಿಟಕಿ'
'ತೆಗೆದೆ'

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತೇವೆ ನಾವು.
ಒಣನೆಲದ ಮೇಲೆ, ಅಂಗಡಿಯ ಬೆಳಕಿನಲ್ಲಿ,
ಆ ಕಡ್ಡಿಯೇ ಒಬ್ಬನನ್ನು ಮುಳುಗಿಸುವುದನ್ನು
ಯಾವ ಗಾದೆ ಕಟ್ಟಿದವರೂ ಕಂಡಿರಲಿಕ್ಕಿಲ್ಲ.

ಕೊನೆಯ ಪಂಪಿನಲ್ಲಿ ಎಷ್ಟು ಉಳಿದಿತ್ತೋ.
ಅಲ್ಲಾಡಿಸಿದಳು, ಒತ್ತಿದಳು, ಎಣಿಸಿದಳು.
ಉಗುರಿನ ಬಣ್ಣ ನೋಡಿದಳು, ಗಡಿಯಾರ ನೋಡಿದಳು.
ನಲವತ್ತು ನಿಮಿಷಕ್ಕೆ ಗಾಡಿ ಬಂತು,
ಒಳಗೆ ಆಗಲೇ ಇಬ್ಬರು.
ಅವನನ್ನು ಕೂರಿಸಿ ಬಾಗಿಲು ಹಾಕಿಕೊಂಡರು.
ಯಾವ ಆಸ್ಪತ್ರೆ ಎಂದು ಕೇಳುವುದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಆಕಾಶ ತೊಳೆದಿಟ್ಟ ಪಿಂಗಾಣಿ.
ಕಾಫಿ ಲೋಟಗಳನ್ನು ಗುಡಿಸಿ ಚೀಲಕ್ಕೆ ತುಂಬಿದಳು.
ಪಕ್ಕದ ಬೀದಿಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರು;
ಹಸಿ ವಾಸನೆ, ಎಂದಾದರೆ ಇಷ್ಟವಾಗುತ್ತಿತ್ತು.
ಬಾಗಿಲು ಮುಚ್ಚಿದಳು.

ಗಲ್ಲಾದ ಪಕ್ಕ ಒಂದು ಚೀಟಿ, ಅವಳದೇ ಕೈಬರಹ:
ಜ್ಲಾಟ್ಕೊ, 2.40.
ಬಂದಾಗ ಕೊಡುವುದು.