ಹಿತ್ತಾಳೆ ಬಿಲ್ಲೆ

ಭೋಸರಿ ಎಂಐಡಿಸಿ. ಎರಡನೇ ಗೇಟು ದಾಟಿದರೆ
ಟೂಲ್ ರೂಮಿನ ಕಿಟಕಿ. ಕಿಟಕಿಯ ಹಿಂದೆ ಹಲಗೆ,
ಹಲಗೆಯ ತುಂಬ ಮೊಳೆ.
ವರ್ನಿಯರ್ ಬೇಕೆ? ನಿನ್ನ ನಂಬರಿನ ಬಿಲ್ಲೆ ಅದರ ಮೊಳೆಗೆ ಹಾಕು.
ತಿರುಗಿ ತಂದೆಯಾ? ಬಿಲ್ಲೆ ಒಯ್ಯಿ.
ಇಷ್ಟೇ ವ್ಯವಹಾರ, ಮೂವತ್ತೊಂದು ವರ್ಷದಿಂದ.
ಹದಿನಾಲ್ಕು ವಾರದಲ್ಲಿ ಅದನ್ನು ಮುಗಿಸಲು ಬಂದವನು ನಾನು.

ನನ್ನ ಹುದ್ದೆಯ ಹೆಸರಿಗೆ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತದೆ.
ಕ್ಯಾಂಟೀನಿನಲ್ಲಿ ಬರೀ 'ಬದ್ಲಿ ಸಾಹೇಬ'.

ಮೊದಲ ಸಭೆಗೆ ವಡಾಪಾವ್ ತರಿಸಿದೆ.
ಪರದೆಯ ಮೇಲೆ ಬಾಣ, ವೃತ್ತ, ಕೈಕುಲುಕುವ ಇಬ್ಬರು ಬಿಳಿಯರು.
ಪ್ರಶ್ನೆ ಇದ್ದರೆ ಸಂಕೋಚ ಬೇಡ ಅಂದೆ.
ಒಬ್ಬ ಸಂಕೋಚವಿಲ್ಲದೆ ಕೇಳಿದ: ಇನ್ನೊಂದು ವಡಾ ಅದೆಯಾ?

ಕಿಟಕಿಯ ಒಡೆಯ ಮಹಾಲಿಂಗ ಬಿರಾಜದಾರ, ಅಕ್ಕಲಕೋಟದ ಕಡೆಯವ.
ಒಪ್ಪುವಾಗ ಮರಾಠಿ, ಒಪ್ಪದಾಗ ಕನ್ನಡ.
ಸ್ಕ್ಯಾನರ್ ತೋರಿಸಿದೆ. 'ಹೋ' ಅಂದ.
ಸ್ಟಿಕ್ಕರ್ ಅಂಟಿಸುವುದು ಹೀಗೆ ಅಂದೆ. 'ಹೋ, ಹೋ' ಅಂದ.
ಪುಣೆಯಲ್ಲಿ 'ಹೋ' ಎಂದರೆ ಹೌದು, ಎಳೆಗೂಸಿಗೂ ಗೊತ್ತು.
ಅವನ ಬಾಯಲ್ಲಿ ಮಾತ್ರ ಅದು
'ಹೋಗು' ಅನ್ನಲು ಹೊರಟು
ಮರ್ಯಾದೆಗೆ ತಡೆದು ನಿಂತ ಅರ್ಧ ಮಾತು.

ಸಂಪಿಲ್ಲ, ಘೋಷಣೆಯಿಲ್ಲ.
ಸ್ಟಿಕ್ಕರುಗಳಿಗೆ ತಾವಾಗಿಯೇ ಎಣ್ಣೆ ಹತ್ತಿತು.
ಚಾರ್ಜರು ಮೂರು ಸಲ ಕಳೆದು ನಾಲ್ಕು ಸಲ ಸಿಕ್ಕಿತು.
ಒಂದು ಮೈಕ್ರೋಮೀಟರಿನ ಚೀಟಿ ಮಜ್ಜಿಗೆಯ ಪಾತ್ರೆಗೆ ಅಂಟಿ
ಕಂಪ್ಯೂಟರು ಬರೆದುಕೊಂಡಿತು:
ಮಜ್ಜಿಗೆ ಪಾತ್ರೆ, ನಿಖರತೆ ಸರಿಯಿದೆ.
ನಾನು ವರದಿಯಲ್ಲಿ 'ಪ್ರತಿರೋಧ: ಮಧ್ಯಮ' ಎಂದು ಬರೆದು
ಆ ಚೌಕಕ್ಕೆ ಹಳದಿ ಬಣ್ಣ ತುಂಬಿದೆ.

ಆಗಸ್ಟಿನ ಒಂದು ರಾತ್ರಿಪಾಳಿ. ಕಂಪ್ರೆಸರ್ ಕೋಣೆಯಿಂದ ಹೊಗೆ.
ಎಲ್ಲರೂ ಗೇಟಿನ ಹತ್ತಿರ, ಜಿಟಿಜಿಟಿ ಮಳೆಯಲ್ಲಿ.
ಯಾರು ಹೊರಗೆ, ಯಾರು ಒಳಗೆ?
ನನ್ನ ಪಟ್ಟಿ ಸರ್ವರಿನ ಹೊಟ್ಟೆಯಲ್ಲಿತ್ತು, ಕರೆಂಟು ಹೋಗಿತ್ತು.
ಬಿರಾಜದಾರ ಕೊನೆಗೆ ಬಂದ,
ಹಲಗೆಯನ್ನು ಮೊಳೆ ಬಿಲ್ಲೆ ಸಮೇತ ಬೆನ್ನಿಗೆ ಹೊತ್ತು,
ಗಲಗಲ ಸದ್ದು ಮಾಡುತ್ತ.
ಟಾರ್ಚ್ ಬಿಟ್ಟು ಬೆರಳಾಡಿಸಿದ.
"ಎರಡುನೂರಾ ಆರು. ಪಾನಾ ಒಯ್ದಾನ, ತಂದಿಲ್ಲ. ಒಳಗ ಹಾನ."

ಏನೂ ಆಗಿರಲಿಲ್ಲ. ಸುಟ್ಟದ್ದು ಒಂದು ಬೆಲ್ಟು.
ಇನ್ನೂರಾ ಆರು, ಅಂದರೆ ವಿಲಾಸ ಗವ್ಹಾಣೆ,
ಮಾಳಿಗೆಯ ನೀರಿನ ಟಾಕಿಗೆ ವಾಲ್ವ್ ಬಿಗಿಯುತ್ತ
ಕಿವಿಯಲ್ಲಿ ಹಾಡು ತುಂಬಿಕೊಂಡು ಕೂತಿದ್ದ.
ಎಲ್ಲರೂ ಅವನಿಗೆ ಬೈದು ನಕ್ಕರು.
ನನಗೆ ನಗು ಬರಲಿಲ್ಲ.

"ಯಾರು ಒಯ್ದಾರಂತ ನಿಮ್ಮ ಮಷೀನಿಗಿ ಗೊತ್ತಾಗ್ತದ ಸಾಹೇಬ್ರ.
ಯಾರು ಇನ್ನಾ ಬಂದಿಲ್ಲಂತ ಅದಕ್ಕ ಚಿಂತಿ ಆಗ್ತದೇನು?"
ಹಲಗೆ ಒರೆಸುತ್ತ ಅಂದ. ಕನ್ನಡದಲ್ಲಿ.

ಬಾಣೇರ್ ಆಫೀಸಿಗೆ ಬರೆದೆ: ಒಂದು ಪರದೆ ಹೆಚ್ಚು ಬೇಕು,
ತಿರುಗಿ ಬಾರದವರದ್ದು.
'ವ್ಯಾಪ್ತಿಯ ಹೊರಗೆ' ಎಂದು ಉತ್ತರ. ದಿನಾಂಕ ನೆನಪಿರಲಿ ಎಂದೂ.
ಫೋನಿನಲ್ಲಿ ನಾನು 'ಹೋ' ಅಂದೆ.
ಆಮೇಲೆ ಒಂಬತ್ತು ದಿನ ನನ್ನ ಚಾರ್ಜರೂ ಕಳೆಯಿತು.

ಹತ್ತನೆಯ ದಿನ ಆಗಲೇಬೇಕಿತ್ತು, ಆಯಿತು.
ಹಲಗೆ ಉರುವಲಿಗೆ, ಬಿಲ್ಲೆ ತಕ್ಕಡಿಗೆ.
ನಾಂದೇಡದಿಂದ ಬಂದ ಟ್ರೇನಿ ಹುಡುಗಿಯರಿಗೆ
ಬಿರಾಜದಾರನೇ ಸ್ಕ್ಯಾನರ್ ಕಲಿಸುತ್ತಾನೆ,
ನನ್ನ ಕೈಪಿಡಿಗಿಂತ ಚೆನ್ನಾಗಿ, ಮರಾಠಿಯಲ್ಲಿ.
ಮಾನಿಟರಿನ ಬೆನ್ನಿಗೆ ಒಂದು ರಟ್ಟು ಅಂಟಿದೆ,
ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಂಬರುಗಳು.
ನಾನು ನೋಡಿದೆ. ವರದಿಯಲ್ಲಿ ಬರೆಯಲಿಲ್ಲ.

ಗುಜರಿಯ ಚೀಲದಿಂದ ಒಂದು ಬಿಲ್ಲೆ ಎತ್ತಿಕೊಂಡಿದ್ದೆ,
ಹೊಸದಾಗಿ ಸೇರುವವರಿಗೆಂದು ಮಾಡಿಸಿ
ಯಾರೂ ಸೇರದೆ ಉಳಿದದ್ದು.
ಕೊನೆಯ ಸಂಜೆ ಗೇಟಿನ ಯಂತ್ರ ನನ್ನ ಜೇಬಿಗೆ ಕಿರುಚಿತು.
ಏನಿದು ಸಾಹೇಬ, ಕೇಳಿದ ವಾಚ್‌ಮನ್.
ನನ್ನ ನಂಬರು ಅಂದೆ.
ಅವನು ಬೆಳಕಿಗೆ ಹಿಡಿದ, ತಿರುಗಿಸಿ ನೋಡಿದ.
ಎರಡೂ ಕಡೆ ನುಣುಪು.